ಮೇಲ್‌ಕೌ ವಿಮರ್ಶೆ: ಹಸು ಸಾಧು, ಕೊಟ್ಟಿಗೆಯದೇ ತಕರಾರು

ಸ್ವಂತ ಮೇಲ್ ಸರ್ವರ್ ನಡೆಸಲು ಬೇಕಾದ ಸಾಫ್ಟ್‌ವೇರ್ ಕಟ್ಟು ಮೇಲ್‌ಕೌ. ಇನ್‌ಸ್ಟಾಲ್ ಮಾಡಲು ಅರ್ಧ ಗಂಟೆ ಸಾಕು. ಅದರಿಂದ ಕಳಿಸಿದ ಮೇಲ್ ಜಿಮೇಲ್‌ನ ಇನ್‌ಬಾಕ್ಸ್‌ಗೆ ನೆಟ್ಟಗೆ ಹೋಗಿ ಬೀಳಲು ಒಂದು ವಾರ ಹಿಡಿದರೂ ಹಿಡಿಯಿತು. ಆ ವಾರವಿಡೀ ತಲೆ ಕೆಡಿಸುವ ಸಂಗತಿಗಳಲ್ಲಿ ಮೇಲ್‌ಕೌನದ್ದು ಅಂತ ಇರುವುದು ಒಂದೋ ಎರಡೋ. ಉಳಿದದ್ದೆಲ್ಲ ಮನೆಯ ಇಂಟರ್‌ನೆಟ್ ಲೈನಿನದು. ಮನೆಯಲ್ಲೇ ಮೇಲ್ ಸರ್ವರ್ ನಡೆಸಿ ಕಲಿಯಬೇಕು ಅನ್ನುವವರು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ತಿಂಗಳುಗಟ್ಟಲೆ ತೂಗಿ ನೋಡುತ್ತಾರೆ, ತಮ್ಮ ಐಪಿ ವಿಳಾಸದ ಕಡೆ ಮಾತ್ರ ಕಣ್ಣೆತ್ತಿಯೂ ನೋಡುವುದಿಲ್ಲ. ಹಸು ತರುವ ಮುಂಚೆ ಕೊಟ್ಟಿಗೆ ನೋಡಬೇಕು.

ಮೇಲ್‌ಕೌ ಹೊಸದಾಗಿ ಬರೆದ ಮೇಲ್ ಸರ್ವರ್ ಏನಲ್ಲ. ದಶಕಗಳಿಂದ ಓಡುತ್ತಿರುವ ಹಳೆಯ ಹುಲಿಗಳನ್ನೇ ಡಾಕರ್ (ಒಂದೊಂದು ಪ್ರೋಗ್ರಾಮನ್ನು ಬೇರೆ ಬೇರೆಯಾಗಿ ಓಡಿಸುವ ವ್ಯವಸ್ಥೆ) ಪೆಟ್ಟಿಗೆಗಳಲ್ಲಿ ಕೂರಿಸಿ, ಮೇಲೊಂದು ವೆಬ್ ಪುಟ ಹೊದಿಸಿದ ಕಟ್ಟು ಅದು. ಮೇಲ್ ಕಳಿಸುವ, ಬರಮಾಡಿಕೊಳ್ಳುವ ಕೆಲಸ ಪೋಸ್ಟ್‌ಫಿಕ್ಸ್‌ನದು. ಬಂದದ್ದನ್ನು ಮೇಲ್‌ಬಾಕ್ಸ್‌ನಲ್ಲಿ ಜೋಡಿಸಿ ಫೋನಿಗೆ ತೋರಿಸುವುದು ಡವ್‌ಕಾಟ್. ಸ್ಪ್ಯಾಮ್ ಸೋಸುವುದು ಆರ್‌ಸ್ಪ್ಯಾಮ್‌ಡಿ, ವೈರಸ್ ಹುಡುಕುವುದು ಕ್ಲ್ಯಾಮ್‌ಎವಿ, ಬ್ರೌಸರಿನಲ್ಲಿ ಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ ಕೊಡುವುದು ಸೋಗೋ. ಜೊತೆಗೆ ಡೇಟಾಬೇಸ್‌ಗೆ ಮಾರಿಯಾಡಿಬಿ, ವೆಬ್ ಪುಟಕ್ಕೆ ಎನ್‌ಜಿನ್‌ಎಕ್ಸ್, ತನ್ನದೇ ಡಿಎನ್‌ಎಸ್ ರಿಸಾಲ್ವರ್ (ಹೆಸರಿನಿಂದ ಐಪಿ ಹುಡುಕಿ ಕೊಡುವ ಪ್ರೋಗ್ರಾಂ) ಆಗಿ ಅನ್‌ಬೌಂಡ್, ಸರ್ಟಿಫಿಕೇಟ್ ತರುವುದಕ್ಕೆ ಇನ್ನೊಂದು ಪೆಟ್ಟಿಗೆ. ಹೀಗೆ ಒಟ್ಟು ಹದಿನೆಂಟರ ಆಸುಪಾಸು ಪೆಟ್ಟಿಗೆಗಳು, ಡಾಕರ್ ಭಾಷೆಯಲ್ಲಿ ಕಂಟೇನರ್‌ಗಳು. ಜರ್ಮನಿಯಲ್ಲಿ ಬೆಳೆದ ಯೋಜನೆ, ಜಿಪಿಎಲ್ 3 ಪರವಾನಗಿ, ಪೂರ್ತಿ ಉಚಿತ. ಕಂಪನಿಯ ಬೆಂಬಲ ಬೇಕಾದವರು ಮಾತ್ರ ದುಡ್ಡು ಕೊಡುತ್ತಾರೆ.

ಕಲಿಯುವವರಿಗೆ ಇದರಲ್ಲಿ ಲಾಭ ಏನೆಂದರೆ, ಒಳಗಿರುವ ಒಂದೊಂದು ಭಾಗವೂ ಹೊರಗೆ ಸಿಗುವ ಅದೇ ಭಾಗ. ಇಲ್ಲಿ ಪೋಸ್ಟ್‌ಫಿಕ್ಸ್ ಲಾಗ್ ಓದಲು ಕಲಿತವರಿಗೆ ಯಾವ ಆಫೀಸಿನ ಪೋಸ್ಟ್‌ಫಿಕ್ಸ್ ಆದರೂ ಅರ್ಥವಾಗುತ್ತದೆ. ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಸ್ಟಾಲ್ವರ್ಟ್ ಒಂದೇ ಬೈನರಿಯಲ್ಲಿ ಎಲ್ಲವನ್ನೂ ಮುಗಿಸುತ್ತದೆ, ತೀರ ಕಡಿಮೆ ಮೆಮೊರಿ ಸಾಕು ಎನ್ನುತ್ತದೆ ನಿಜ. ಆದರೆ ಅಲ್ಲಿ ಕಲಿತದ್ದು ಸ್ಟಾಲ್ವರ್ಟ್ ಒಂದಕ್ಕೇ ಸಲ್ಲುತ್ತದೆ.

ಇನ್‌ಸ್ಟಾಲ್‌ಗೆ ಕೈ ಹಾಕುವ ಮೊದಲು ಮೂರು ಪರೀಕ್ಷೆ ಮಾಡಿ. ಹತ್ತು ನಿಮಿಷದ ಕೆಲಸ, ಹತ್ತು ದಿನ ಉಳಿಯುತ್ತದೆ.

ಒಂದು, ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಗಡೆಯ ವಿಳಾಸ) ಏನಿದೆ ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಕ್ಯಾರಿಯರ್ ನ್ಯಾಟ್‌ನ ಹಿಂದೆ ಇದ್ದೀರಿ ಎಂದರ್ಥ. ಒಂದೇ ಪಬ್ಲಿಕ್ ಐಪಿಯನ್ನು ನಿಮ್ಮ ಹಾಗೆ ಎಷ್ಟೋ ಮನೆಗಳು ಹಂಚಿಕೊಂಡಿವೆ. ರೂಟರಿನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ಒಳಗಿನ ಸರ್ವರಿಗೆ ತಿರುಗಿಸುವುದು) ಮಾಡಿದರೂ ಹೊರಗಿನಿಂದ ನಿಮ್ಮ ಬಾಗಿಲು ತಟ್ಟಲು ಯಾರಿಗೂ ಆಗದು. ನಮ್ಮ ಮನೆಗಳ ಫೈಬರ್ ಲೈನುಗಳಲ್ಲಿ ಈಗ ಇದು ಮಾಮೂಲು.

ಎರಡು, ಲ್ಯಾಪ್‌ಟಾಪ್‌ನಿಂದ ಜಿಮೇಲ್‌ನ ಎಂಎಕ್ಸ್ ಸರ್ವರಿಗೆ (ಮೇಲ್ ಬರಮಾಡಿಕೊಳ್ಳುವ ಸರ್ವರ್) 25ನೇ ಪೋರ್ಟ್‌ನಲ್ಲಿ ಟೆಲ್ನೆಟ್ ಆದೇಶ ಹೊಡೆಯಿರಿ. 220 ಎಂದು ಶುರುವಾಗುವ ಸಾಲು ಬಂದರೆ ದಾರಿ ತೆರೆದಿದೆ. ಅರ್ಧ ನಿಮಿಷ ಸುಮ್ಮನೆ ಕೂತು ಟೈಮ್ ಔಟ್ ಆದರೆ ಸೇವೆ ಕೊಡುವವರು 25 ಮುಚ್ಚಿದ್ದಾರೆ. ವೈರಸ್ ಹತ್ತಿದ ಮನೆ ಕಂಪ್ಯೂಟರುಗಳು ರಾತ್ರಿಯಿಡೀ ಸ್ಪ್ಯಾಮ್ ಸುರಿಯುತ್ತಿದ್ದ ಕಾಲದಿಂದ ಬಂದ ರೂಢಿ ಇದು, ಅದಕ್ಕೆ ಕಾರಣವೂ ಸರಿಯಾಗಿಯೇ ಇದೆ. 587 ತೆರೆದಿದೆಯಲ್ಲ, ಅದನ್ನೇ ಬಳಸೋಣ ಎನ್ನುವ ಯೋಚನೆ ಇಲ್ಲಿ ನಡೆಯದು. 587 ಮತ್ತು 465 ಫೋನಿನಿಂದ ತನ್ನ ಸರ್ವರಿಗೆ ಮೇಲ್ ಒಪ್ಪಿಸುವ ಬಾಗಿಲುಗಳು. ಸರ್ವರಿಂದ ಸರ್ವರಿಗೆ ಹೋಗುವ ಮೇಲ್ 25ರಲ್ಲೇ ಹೋಗಬೇಕು. ಎಂಎಕ್ಸ್ ದಾಖಲೆಯಲ್ಲಿ ಬೇರೆ ಪೋರ್ಟ್ ಬರೆಯಲು ಜಾಗವೇ ಇಲ್ಲ.

ಮೂರು, ನಿಮ್ಮ ಪಬ್ಲಿಕ್ ಐಪಿಯನ್ನು, ಮೇಲ್ ಒಪ್ಪಬಾರದ ವಿಳಾಸಗಳ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್ ತಾಣದಲ್ಲಿ ಹಾಕಿ ನೋಡಿ. ಪಿಬಿಎಲ್ ಎಂದು ಬಂದರೆ ಗಾಬರಿ ಬೇಡ, ಅದು ಅಪರಾಧಿಗಳ ಪಟ್ಟಿ ಅಲ್ಲ. ‘ಈ ವಿಳಾಸಗಳು ಮನೆ ಗ್ರಾಹಕರವು, ಇಲ್ಲಿಂದ ನೇರ ಮೇಲ್ ಬರಬಾರದು’ ಎನ್ನುವ ಪಟ್ಟಿ. ಸ್ಟ್ಯಾಟಿಕ್ (ಬದಲಾಗದ) ಐಪಿ ಇದ್ದು ನಿಜವಾಗಿಯೂ ಮೇಲ್ ಸರ್ವರ್ ನಡೆಸುತ್ತಿದ್ದರೆ ಅರ್ಜಿ ತುಂಬಿ ಒಂದು ಐಪಿಯನ್ನು ಪಟ್ಟಿಯಿಂದ ತೆಗೆಸಿಕೊಳ್ಳಬಹುದು. ದಿನಕ್ಕೊಮ್ಮೆ ಬದಲಾಗುವ ಐಪಿಗೆ ಆ ಕಷ್ಟ ಪಟ್ಟು ಫಲವಿಲ್ಲ.

ಮೂರರಲ್ಲೂ ಪಾಸಾಗುವ ಮನೆ ಲೈನ್ ಅಪರೂಪ. ಪಾಸಾದರೂ ಪಿಟಿಆರ್ ಎಂಬ ನಾಲ್ಕನೇ ಗಂಟು ಉಳಿದಿರುತ್ತದೆ. ಹೆಸರಿನಿಂದ ಐಪಿ ಹುಡುಕುವುದು ಸಾಮಾನ್ಯ ಡಿಎನ್‌ಎಸ್, ಐಪಿಯಿಂದ ಹೆಸರು ಹುಡುಕುವುದು ಪಿಟಿಆರ್. ಇದನ್ನು ಡೊಮೇನ್ ಕೊಂಡ ಕಡೆ ಬರೆಯಲಾಗದು, ಐಪಿ ಯಾರ ಸ್ವತ್ತೋ ಅವರೇ ಬರೆಯಬೇಕು. ಅಂದರೆ ಬ್ರಾಡ್‌ಬ್ಯಾಂಡ್ ಕಂಪನಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪಿಟಿಆರ್ ಎಂದರೆ ಆ ಕಡೆಯವರು ರೂಟರ್ ರೀಸ್ಟಾರ್ಟ್ ಮಾಡಿ ನೋಡಿ ಅಂದಾರು. ಬಿಸಿನೆಸ್ ಪ್ಲ್ಯಾನ್ ಕೊಂಡು, ಸ್ಟ್ಯಾಟಿಕ್ ಐಪಿ ಜೊತೆಗೆ ರಿವರ್ಸ್ ಡಿಎನ್‌ಎಸ್ (ಅದೇ ಪಿಟಿಆರ್) ಕೂಡ ಕೊಡುತ್ತೀರಾ ಎಂದು ದುಡ್ಡು ಕಟ್ಟುವ ಮುಂಚೆಯೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳುವುದು ಕ್ಷೇಮ.

ಹಾರ್ಡ್‌ವೇರ್ ವಿಚಾರ ಸುಲಭ. ಮೇಲ್‌ಕೌ ಕೈಪಿಡಿ ಕೇಳುವುದು ಕನಿಷ್ಠ 6 ಜಿಬಿ ರ‍್ಯಾಮ್, 1 ಜಿಬಿ ಸ್ವಾಪ್, ಮೇಲ್‌ಗಳನ್ನು ಬಿಟ್ಟು 20 ಜಿಬಿ ಡಿಸ್ಕ್. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುವ ಕಚೇರಿಯ ಮಿನಿ ಪಿಸಿ, ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ದರೆ ಒಂದು ಕುಟುಂಬಕ್ಕೆ ಧಾರಾಳ. ರಾಸ್ಪ್‌ಬೆರಿ ಪೈ 5ರ 8 ಜಿಬಿ ಮಾದರಿಯಲ್ಲೂ ಓಡುತ್ತದೆ, ಆದರೆ ಎಸ್‌ಡಿ ಕಾರ್ಡ್ ಮೇಲೆ ಬೇಡವೇ ಬೇಡ. ಡೇಟಾಬೇಸ್ ಮತ್ತು ಲಾಗ್‌ಗಳು ಕಾರ್ಡನ್ನು ಬೇಗ ಸವೆಸುತ್ತವೆ, ಎನ್‌ವಿಎಂಇ ಎಸ್‌ಎಸ್‌ಡಿ ಜೋಡಿಸುವ ಹ್ಯಾಟ್ ಬೋರ್ಡ್ ಹಾಕಿ. 4 ಜಿಬಿ ಮಾತ್ರ ಇರುವವರು ಕಾನ್ಫಿಗ್ ಕಡತದಲ್ಲಿ ಕ್ಲ್ಯಾಮ್‌ಎವಿ ಆಫ್ ಮಾಡಬಹುದು. ಅದೊಂದೇ 1 ಜಿಬಿಗಿಂತ ಹೆಚ್ಚು ನುಂಗುತ್ತದೆ. ಸುಮ್ಮನಿರುವಾಗ 10 ವ್ಯಾಟ್ ಎಳೆಯುವ ಪೆಟ್ಟಿಗೆ ತಿಂಗಳಿಗೆ 7.2 ಯೂನಿಟ್ ಸುಡುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 45ರ ಒಳಗೆ. ಗೃಹಜ್ಯೋತಿಯ ಮಿತಿಗೆ ಅಂಟಿಕೊಂಡೇ ಇರುವ ಮನೆಗಳು ಮಾತ್ರ ಈ ಏಳು ಯೂನಿಟ್ಟನ್ನೂ ಲೆಕ್ಕಕ್ಕೆ ಹಿಡಿಯಲಿ.

ಎಲ್‌ಎಕ್ಸ್‌ಸಿ ಕಂಟೇನರ್, ಓಪನ್‌ವಿಝೆಡ್, ಸಿನಾಲಜಿ ಅಥವಾ ಕ್ಯೂನ್ಯಾಪ್ ನ್ಯಾಸ್ ಪೆಟ್ಟಿಗೆ ಇವುಗಳ ಮೇಲೆ ಬೇಡ ಎಂದು ಕೈಪಿಡಿ ಖಡಾಖಂಡಿತ ಹೇಳುತ್ತದೆ. ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸಲು ಪ್ರಾಕ್ಸ್‌ಮಾಕ್ಸ್ ಇಟ್ಟುಕೊಂಡವರು ಪೂರ್ತಿ ವರ್ಚುವಲ್ ಮೆಷಿನ್ ಮಾಡಿಯೇ ಹಾಕಬೇಕು.

ಇನ್‌ಸ್ಟಾಲ್ ಹೀಗೆ. ಖಾಲಿ ಡೆಬಿಯನ್ ಅಥವಾ ಉಬುಂಟು ಸರ್ವರ್ ಹಾಕಿ, ಡಾಕರ್ ಅನ್ನು ಡಾಕರ್‌ನದೇ ರೆಪಾಸಿಟರಿಯಿಂದ ತನ್ನಿ, ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಎಬ್ಬಿಸುವ ಕಾಂಪೋಸ್ ಪ್ಲಗಿನ್ ಎರಡನೇ ಆವೃತ್ತಿ ಇರಲಿ. ರೂಟ್ ಆಗಿ ಯುಮಾಸ್ಕ್ (ಹೊಸ ಕಡತಗಳನ್ನು ಯಾರು ಓದಬಹುದೆಂಬ ಸೆಟ್ಟಿಂಗ್) 0022 ಎಂದು ಖಾತ್ರಿ ಮಾಡಿಕೊಂಡು ಮೇಲ್‌ಕೌ ಕೋಡನ್ನು ಗಿಟ್ ಕ್ಲೋನ್ ಮಾಡಿ ಆಪ್ಟ್ ಫೋಲ್ಡರಿಗೆ ಇಳಿಸಿಕೊಳ್ಳಿ. ಯುಮಾಸ್ಕ್ ಬಿಗಿಯಾಗಿದ್ದರೆ ಕಂಟೇನರ್‌ಗಳಿಗೆ ತಮ್ಮದೇ ಕಾನ್ಫಿಗ್ ಓದಲು ಬರದೆ, ಕಾರಣವೇ ತಿಳಿಯದ ಹಾಗೆ ಸಾಯುತ್ತವೆ. ಕಾನ್ಫಿಗ್ ತಯಾರಿಸುವ ಸ್ಕ್ರಿಪ್ಟ್ ಓಡಿಸಿದರೆ ಹೋಸ್ಟ್‌ನೇಮ್ ಕೇಳುತ್ತದೆ. ಇಲ್ಲಿ ಬರಿಯ ಡೊಮೇನ್ ಕೊಡಬೇಡಿ. ಮುಂದೆ ಮೇಲ್ ಎಂಬ ಪದ, ಚುಕ್ಕಿ, ಆಮೇಲೆ ಡೊಮೇನ್ ಹೀಗೆ ಪೂರ್ತಿ ಹೆಸರು ಕೊಡಿ. ಟೈಮ್‌ಜೋನ್ ಏಷ್ಯಾ/ಕೋಲ್ಕತಾ. ಆಮೇಲೆ ಕಾಂಪೋಸ್‌ನ ಪುಲ್ ಆದೇಶ, ಅಪ್ ಆದೇಶ, ಕಾಫಿ. ಹಲವು ಜಿಬಿ ಇಳಿಯುತ್ತದೆ.

ಮೊದಲ ಗಂಟೆಯಲ್ಲಿ ಎಡವುವ ಜಾಗಗಳು ಗೊತ್ತಿರುವವೇ. 25ನೇ ಪೋರ್ಟ್ ಬಳಕೆಯಲ್ಲಿದೆ ಎಂದರೆ ಡೆಬಿಯನ್ ಜೊತೆ ಬಂದ ಎಕ್ಸಿಮ್ ಎಂಬ ಮೇಲ್ ಪ್ರೋಗ್ರಾಂ ಅಲ್ಲಿ ಮೊದಲೇ ಕೂತಿದೆ, ಕಿತ್ತು ಹಾಕಿ. ಅನ್‌ಬೌಂಡ್ ‘ಅನ್‌ಹೆಲ್ದಿ’ ಎಂದು ಕೆಂಪಾಗಿ, ಅದನ್ನು ನಂಬಿದ ಉಳಿದವೂ ಏಳದೆ ನಿಂತರೆ ಪಿಂಗ್ ಅಥವಾ 53ನೇ ಪೋರ್ಟ್ ಹೊರಗೆ ಹೋಗುತ್ತಿಲ್ಲ ಎಂದರ್ಥ. ಎಲ್ಲ ಡಿಎನ್‌ಎಸ್ ಪ್ರಶ್ನೆಗಳನ್ನೂ ತನ್ನ ಕಡೆಗೇ ತಿರುಗಿಸಿಕೊಳ್ಳುವ ರೂಟರುಗಳಲ್ಲಿ ಇದು ತಪ್ಪದೆ ಆಗುತ್ತದೆ. ಬೇಸತ್ತು ಅನ್‌ಬೌಂಡ್ ಬಿಟ್ಟು ಗೂಗಲ್‌ನ ಸಾರ್ವಜನಿಕ ರಿಸಾಲ್ವರ್ 8.8.8.8 ಹಾಕುವವರಿದ್ದಾರೆ. ಹಾಕಬೇಡಿ. ಸಾರ್ವಜನಿಕ ರಿಸಾಲ್ವರ್ ಮೂಲಕ ಬಂದ ಪ್ರಶ್ನೆಗೆ ಸ್ಪ್ಯಾಮ್‌ಹೌಸ್ ಉತ್ತರ ಕೊಡುವುದಿಲ್ಲ, ಹಾಗಾಗಿ ಸ್ಪ್ಯಾಮ್ ಸೋಸುವ ಜರಡಿಯ ಅರ್ಧ ಕಣ್ಣು ಹರಿದುಹೋಗುತ್ತದೆ. ಮೇಲ್‌ಕೌ ಸ್ವಂತ ರಿಸಾಲ್ವರ್ ಕಟ್ಟಿಕೊಂಡು ಬರುವುದೇ ಈ ಕಾರಣಕ್ಕೆ.

ಅಡ್ಮಿನ್ ಪುಟ ಈಗಿನ ಆವೃತ್ತಿಗಳಲ್ಲಿ ಪ್ರತ್ಯೇಕ, ವಿಳಾಸದ ಕೊನೆಗೆ ಸ್ಲ್ಯಾಶ್ ಅಡ್ಮಿನ್ ಸೇರಿಸಬೇಕು. ಬಳಕೆದಾರ ಹೆಸರು ಅಡ್ಮಿನ್, ಪಾಸ್‌ವರ್ಡ್ ಮೂಹೂ. ಹಸುವಿನ ತಮಾಷೆ ಚೆನ್ನಾಗಿದೆ, ಆದರೆ ಲೋಕಕ್ಕೆಲ್ಲ ಗೊತ್ತಿರುವ ಪಾಸ್‌ವರ್ಡ್ ಅದು. ಪೋರ್ಟ್ ಫಾರ್ವರ್ಡ್ ಮಾಡುವ ಮುಂಚೆ ಬದಲಾಯಿಸಿ, ಎರಡನೇ ಹಂತದ ಲಾಗಿನ್ ಹಾಕಿ.

ಸಂಪರ್ಕವನ್ನು ಗೂಢಲಿಪಿಯಲ್ಲಿಡಲು ಬೇಕಾದ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ 80ನೇ ಪೋರ್ಟ್ ಮೂಲಕ ಬಾಗಿಲು ತಟ್ಟುತ್ತದೆ. 443 ಮಾತ್ರ ತೆರೆದು 80 ಮರೆಯುವುದು ಬಹಳ ಸಾಮಾನ್ಯ. ಅದೇ ತಪ್ಪಿನಲ್ಲಿ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಬೇಡಿ, ಒಂದು ಹೆಸರಿಗೆ ಗಂಟೆಗೆ 5 ಸಲ ಸೋತರೆ ಆಮೇಲೆ ಕಾಯಬೇಕು. ಒಳಬರುವ ಐಪಿ ಒಂದು, ಹೊರಹೋಗುವ ಐಪಿ ಇನ್ನೊಂದು ಇರುವ ಜೋಡಣೆಯಲ್ಲಿ ಮೇಲ್‌ಕೌ ತನ್ನ ಐಪಿ ತಾಳೆ ಆಗುತ್ತಿಲ್ಲ ಎಂದು ಸರ್ಟಿಫಿಕೇಟ್ ಕೇಳುವುದನ್ನೇ ನಿಲ್ಲಿಸುತ್ತದೆ. ಆಗ ಕಾನ್ಫಿಗ್‌ನಲ್ಲಿ ಸ್ಕಿಪ್ ಐಪಿ ಚೆಕ್ ಎಂಬುದನ್ನು ‘ವೈ’ ಮಾಡಬೇಕು.

ಡಿಎನ್‌ಎಸ್ ಭಾಗದಲ್ಲಿ ಮೇಲ್‌ಕೌಗೆ ಪೂರ್ತಿ ಅಂಕ. ಡೊಮೇನ್ ಪಕ್ಕದ ಡಿಎನ್‌ಎಸ್ ಗುಂಡಿ ಒತ್ತಿದರೆ ಯಾವ ದಾಖಲೆ ಹೇಗಿರಬೇಕು, ಈಗ ಹೇಗಿದೆ ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ. ಮೇಲ್ ಹೋಸ್ಟ್‌ಗೆ ಅದರ ಐಪಿ ಹೇಳುವ ಎ ದಾಖಲೆ, ಡೊಮೇನ್‌ಗೆ 10ರ ಆದ್ಯತೆಯ ಎಂಎಕ್ಸ್, ಫೋನು ತಾನಾಗಿ ಸೆಟ್ಟಿಂಗ್ ಹುಡುಕಿಕೊಳ್ಳಲು ಆಟೋಡಿಸ್ಕವರ್ ಮತ್ತು ಆಟೋಕಾನ್ಫಿಗ್ ಹೆಸರಿನ ಎರಡು ಸಿನೇಮ್ (ಅಡ್ಡಹೆಸರಿನ ದಾಖಲೆ). ಡೊಮೇನಿನ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್‌ನಲ್ಲಿ ಎಂಎಕ್ಸ್ ಎಂದು ಬರೆದು ಕೊನೆಗೆ ಮೈನಸ್ ಆಲ್ ಹಾಕಿದರೆ ಸಾಕು. ಅಲ್ಲಿ ಇಲ್ಲಿ ನೋಡಿದ ಇನ್‌ಕ್ಲೂಡ್‌ಗಳನ್ನೆಲ್ಲ ತುರುಕಿದರೆ 10 ಡಿಎನ್‌ಎಸ್ ಹುಡುಕಾಟಗಳ ಮಿತಿ ದಾಟಿ ಇಡೀ ದಾಖಲೆ ಅಸಿಂಧು ಆಗುತ್ತದೆ. ಪರೀಕ್ಷೆಯಲ್ಲಿ ಸೋತ ಮೇಲ್‌ಗೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ಮೊದಲಿಗೆ ‘ನನ್’ (ಏನೂ ಮಾಡಬೇಡ) ನೀತಿಯಲ್ಲಿರಲಿ, ವರದಿ ಬರಲು ಒಂದು ವಿಳಾಸ ಕೊಡಿ, ಎರಡು ವಾರ ವರದಿ ಓದಿದ ಮೇಲೆ ಕ್ವಾರಂಟೈನ್‌ಗೆ ಏರಿಸಿ. ಪರೀಕ್ಷೆಯ ದಿನಗಳಲ್ಲಿ ಟಿಟಿಎಲ್ (ದಾಖಲೆಯನ್ನು ಹೊರಗಿನವರು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇಟ್ಟುಕೊಂಡರೆ ತಪ್ಪು ತಿದ್ದಿ ದಿನವಿಡೀ ಕಾಯುವುದು ತಪ್ಪುತ್ತದೆ.

ಹೋಗುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್ ಹತ್ತಿರ ಸ್ವಲ್ಪ ನಿಲ್ಲಬೇಕು. ಡೊಮೇನ್ ಸೇರಿಸುವಾಗಲೇ ಮೇಲ್‌ಕೌ 2048 ಬಿಟ್‌ನ ಕೀಲಿ ತಯಾರಿಸಿ ಕೊಡುತ್ತದೆ. ಅದರ ಸಾರ್ವಜನಿಕ ಅರ್ಧ ಸುಮಾರು 400 ಅಕ್ಷರದ ಸಾಲು. ಆದರೆ ಡಿಎನ್‌ಎಸ್‌ನ ಟೆಕ್ಸ್ಟ್ ದಾಖಲೆಯಲ್ಲಿ ಒಂದು ತುಂಡು 255 ಅಕ್ಷರ ಮೀರುವಂತಿಲ್ಲ, ಉದ್ದವಿದ್ದರೆ ಉಲ್ಲೇಖ ಚಿಹ್ನೆಗಳ ನಡುವೆ ಎರಡು ತುಂಡು ಮಾಡಿ ಒಂದರ ಪಕ್ಕ ಒಂದು ಇಡಬೇಕು. ಒಳ್ಳೆಯ ಡಿಎನ್‌ಎಸ್ ಪ್ಯಾನೆಲ್ ಇದನ್ನು ತಾನೇ ಮಾಡುತ್ತದೆ. ಅಗ್ಗದ ಕೆಲವು ಪ್ಯಾನೆಲ್‌ಗಳು 255ಕ್ಕೆ ಕತ್ತರಿ ಹಾಕಿ, ‘ಸೇವ್ ಆಯಿತು’ ಎಂದು ಹಸಿರು ಟಿಕ್ ತೋರಿಸಿ ಸುಮ್ಮನಾಗುತ್ತವೆ. ಕೀಲಿ ಇದೆ, ಹೆಸರು ಸರಿ ಇದೆ, ಆದರೂ ಜಿಮೇಲ್ ಡಿಕಿಮ್ ಫೇಲ್ ಎನ್ನುತ್ತದೆ. ಡಿಗ್ ಆದೇಶದಿಂದ ದಾಖಲೆ ತರಿಸಿ ಕೊನೆಯ ಹತ್ತು ಅಕ್ಷರಗಳನ್ನು ಮೇಲ್‌ಕೌ ಪುಟದ ಕೊನೆಯ ಹತ್ತರ ಜೊತೆ ತಾಳೆ ನೋಡಿ. ಬೇರೆ ಯಾವ ಪರೀಕ್ಷೆಗಿಂತ ಬೇಗ ಇದೇ ಉತ್ತರ ಹೇಳುತ್ತದೆ.

ಇಷ್ಟೆಲ್ಲ ಕಡ್ಡಾಯ ಆದದ್ದು 2024ರ ಫೆಬ್ರವರಿಯಿಂದ. ಎಲ್ಲ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್, ತಾಳೆಯಾಗುವ ಪಿಟಿಆರ್, ದಾರಿಯಲ್ಲಿ ಯಾರೂ ಓದದ ಹಾಗೆ ಮಾಡುವ ಟಿಎಲ್‌ಎಸ್ ಬೇಕು ಎಂದು ಗೂಗಲ್ ಹೇಳಿತು. ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕು. ಮನೆಯವರು ದಿನಕ್ಕೆ ಐದು ಕಳಿಸಿದರೂ ಮೂರನ್ನೂ ಹಾಕಿಕೊಂಡೇ ಹೊರಡುವುದು ಲೇಸು.

ಈಗ ಕೊಟ್ಟಿಗೆಯ ಪ್ರಶ್ನೆ. ಬ್ರಾಡ್‌ಬ್ಯಾಂಡ್ ಕಂಪನಿ ಸ್ಟ್ಯಾಟಿಕ್ ಐಪಿ, ಪಿಟಿಆರ್, ತೆರೆದ 25 ಮೂರನ್ನೂ ಕೊಟ್ಟರೆ ಮುಂದಿನದನ್ನು ಹಾರಿಸಿ ಓದಿ. ಕೊಡದಿದ್ದರೆ ಒಳ್ಳೆಯ ದಾರಿ ಒಂದೇ: ಚಿಕ್ಕದೊಂದು ವಿಪಿಎಸ್ (ಡೇಟಾ ಸೆಂಟರಿನಲ್ಲಿರುವ ವರ್ಚುವಲ್ ಸರ್ವರ್) ಬಾಡಿಗೆಗೆ ಹಿಡಿದು, ಅದರ ಐಪಿಯನ್ನು ಮುಂಬಾಗಿಲು ಮಾಡಿಕೊಂಡು, ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗದಲ್ಲಿ ಎಲ್ಲವನ್ನೂ ಮನೆಗೆ ತರುವುದು. ಮೇಲ್ ಇರುವುದು ಮನೆಯ ಡಿಸ್ಕ್‌ನಲ್ಲಿ, ಲೋಕಕ್ಕೆ ಕಾಣುವುದು ವಿಪಿಎಸ್ ಐಪಿ. 512 ಎಂಬಿ ರ‍್ಯಾಮ್ ಇದ್ದರೂ ನಡೆಯುತ್ತದೆ. ಆದರೆ ಅಲ್ಲೂ 25 ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಗೂಗಲ್ ಕ್ಲೌಡ್‌ನಲ್ಲಿ ಹೊರಹೋಗುವ 25 ಸಾಮಾನ್ಯವಾಗಿ ಮುಚ್ಚಿರುತ್ತದೆ. ಅಮೆಜಾನ್‌ನ ಎಡಬ್ಲ್ಯುಎಸ್‌ನಲ್ಲಿ ಅರ್ಜಿ ಹಾಕಬೇಕು. ಹೆಟ್ಸ್‌ನರ್ ಎಂಬ ಕಂಪನಿಯಲ್ಲಿ ಒಂದು ತಿಂಗಳು ಕಳೆದು ಮೊದಲ ಬಿಲ್ ಕಟ್ಟಿದ ಮೇಲೆ ಕೇಳಬಹುದು. ಸಿಕ್ಕ ಐಪಿಯನ್ನೂ ಬ್ಲಾಕ್‌ಲಿಸ್ಟ್‌ಗಳಲ್ಲಿ ಹುಡುಕಿ. ಹಿಂದಿನ ಬಾಡಿಗೆದಾರ ಏನು ಮಾಡಿ ಹೋಗಿದ್ದಾನೋ ಯಾರಿಗೆ ಗೊತ್ತು.

ಸುರಂಗದಲ್ಲಿ ತಪ್ಪುವುದು ಮೂರು ಕಡೆ, ಮೂರೂ ಕಲಿಯಲು ಒಳ್ಳೆಯ ಪಾಠ.

ಮೊದಲನೆಯದು ಮಾಸ್ಕರೇಡ್, ಅಂದರೆ ಹಾದುಹೋಗುವ ಸಂಚಾರದ ಮೇಲಿನ ಮೂಲ ವಿಳಾಸ ಅಳಿಸಿ ತನ್ನದನ್ನು ಬರೆಯುವುದು. ವಿಪಿಎಸ್‌ಗೆ ಬಂದ 25, 80, 443, 465, 587, 993ನೇ ಪೋರ್ಟ್‌ಗಳನ್ನು ಡಿನ್ಯಾಟ್ ಮಾಡಿ (ಗುರಿಯ ವಿಳಾಸ ಬದಲಿಸಿ) ಮನೆಯ ಸುರಂಗ ವಿಳಾಸಕ್ಕೆ ಕಳಿಸಬೇಕು. ಹುಡುಕಿದರೆ ಸಿಗುವ ಮಾದರಿಗಳಲ್ಲಿ ಹಲವು ಸುರಂಗದ ಕಡೆಗೂ ಮಾಸ್ಕರೇಡ್ ಹಾಕಿರುತ್ತವೆ. ಹಾಕಿದೊಡನೆ ಎಲ್ಲ ಕೆಲಸ ಮಾಡುತ್ತದೆ, ಅದೇ ಅಪಾಯ. ಲೋಕದಲ್ಲಿರುವ ಪ್ರತಿ ಸರ್ವರೂ ವಿಪಿಎಸ್‌ನ ಒಂದೇ ಖಾಸಗಿ ವಿಳಾಸದಿಂದ ಬಂದ ಹಾಗೆ ಮನೆಗೆ ಕಾಣುತ್ತದೆ. ಬಂದ ಮೇಲ್‌ನ ಎಸ್‌ಪಿಎಫ್ ಪರೀಕ್ಷೆ ಸುಳ್ಳಾಗುತ್ತದೆ, ಬ್ಲಾಕ್‌ಲಿಸ್ಟ್ ಪರೀಕ್ಷೆ ವ್ಯರ್ಥವಾಗುತ್ತದೆ, ಯಾರೋ ತಪ್ಪು ಪಾಸ್‌ವರ್ಡ್ ಹೊಡೆದರೆ ಮೇಲ್‌ಕೌ ವಿಪಿಎಸ್ ಅನ್ನೇ ಬ್ಯಾನ್ ಮಾಡಿ ಇಡೀ ಲೋಕಕ್ಕೆ ಬಾಗಿಲು ಹಾಕುತ್ತದೆ. ಆ ಖಾಸಗಿ ವಿಳಾಸ ನಂಬುಗೆಯ ಜಾಲಗಳ ಪಟ್ಟಿಯಲ್ಲಿ ಬಿದ್ದಿದ್ದರಂತೂ ಕೇಳುವುದೇ ಬೇಡ, ನಿಮ್ಮದು ಯಾರು ಬೇಕಾದರೂ ಸ್ಪ್ಯಾಮ್ ಕಳಿಸಬಹುದಾದ ಓಪನ್ ರಿಲೇ. ಮಾಸ್ಕರೇಡ್ ವಿಪಿಎಸ್‌ನಿಂದ ಇಂಟರ್‌ನೆಟ್ ಕಡೆಗೆ ಹೋಗುವ ಸಂಚಾರಕ್ಕೆ ಮಾತ್ರ ಇರಲಿ. ಮನೆಯ ಪೆಟ್ಟಿಗೆಯ ವೈರ್‌ಗಾರ್ಡ್‌ನಲ್ಲಿ ಅಲೌಡ್ ಐಪಿಗಳನ್ನು 0.0.0.0/0 (ಎಲ್ಲ ವಿಳಾಸಗಳು) ಎಂದು ಇಟ್ಟರೆ ಉತ್ತರಗಳೂ ಹೊಸ ಮೇಲ್‌ಗಳೂ ಸುರಂಗದಲ್ಲೇ ಹೊರಗೆ ಹೋಗುತ್ತವೆ, ಐಪಿ ತಾಳೆ ಸಮಸ್ಯೆಯೂ ಇರುವುದಿಲ್ಲ. ಕ್ಯಾರಿಯರ್ ನ್ಯಾಟ್ ದಾರಿಯನ್ನು ಮರೆಯದಿರಲು ಕೀಪ್‌ಅಲೈವ್ 25 ಸೆಕೆಂಡ್ ಕೊಡಿ.

ಎರಡನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ. ಲಕ್ಷಣ ಹೀಗಿರುತ್ತದೆ: ‘ಟೆಸ್ಟ್’ ಎಂಬ ಒಂದು ಸಾಲಿನ ಮೇಲ್ ಹಾರಿಹೋಗುತ್ತದೆ, ಮದುವೆ ಪತ್ರಿಕೆಯ ಪಿಡಿಎಫ್ ಲಗತ್ತಿಸಿದರೆ ಗಂಟೆಗಟ್ಟಲೆ ನೇತಾಡಿ ಟೈಮ್ ಔಟ್. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಿನ ಎಂಟಿಯು 1492, ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4ರಲ್ಲಿ 60, ಐಪಿವಿ6ರಲ್ಲಿ 80 ಬೈಟ್ ತಿನ್ನುತ್ತದೆ. ಸುರಂಗದ ಎಂಟಿಯು 1412 ಇಟ್ಟರೆ ಎರಡಕ್ಕೂ ಸರಿ. ಡಾಕರ್ ಮಾತ್ರ ಒಳಗೆ 1500 ಎಂದೇ ನಂಬಿ ಕೂತಿರುತ್ತದೆ. ವಿಪಿಎಸ್‌ನ ಫಾರ್ವರ್ಡ್ ಸರಪಳಿಯಲ್ಲಿ ಪ್ಯಾಕೆಟ್ ಗಾತ್ರವನ್ನು ಸುರಂಗಕ್ಕೆ ತಕ್ಕಂತೆ ತಗ್ಗಿಸುವ ಎಂಎಸ್‌ಎಸ್ ಕ್ಲ್ಯಾಂಪ್ ನಿಯಮ ಒಂದನ್ನು ಸೇರಿಸಿದರೆ ಪಿಡಿಎಫ್ ಹೊರಡುತ್ತದೆ.

ಮೂರನೆಯದು ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ. ಸುರಂಗ ಐಪಿವಿ4ಗೆ ಮಾತ್ರ ಇದ್ದು ಮನೆ ಲೈನಿನಲ್ಲಿ ಐಪಿವಿ6 ಜೀವಂತವಿದ್ದರೆ ಪೋಸ್ಟ್‌ಫಿಕ್ಸ್ ಸುರಂಗ ಬಿಟ್ಟು ಕಿಟಕಿಯಿಂದ ಹಾರುತ್ತದೆ. ಆ ವಿಳಾಸಕ್ಕೆ ಪಿಟಿಆರ್ ಇಲ್ಲದ್ದರಿಂದ ಜಿಮೇಲ್ ಒದ್ದು ವಾಪಸ್ ಕಳಿಸುತ್ತದೆ. ಕೆಲವು ಮೇಲ್ ಹೋಗುತ್ತದೆ, ಕೆಲವು ಹೋಗದು ಎಂಬ ದೂರಿನ ಹಿಂದೆ ಇದೇ ಇರುವುದು ಹೆಚ್ಚು. ಪೋಸ್ಟ್‌ಫಿಕ್ಸ್‌ನ ಎಕ್ಸ್‌ಟ್ರಾ ಕಾನ್ಫಿಗ್ ಕಡತದಲ್ಲಿ ಐಪಿವಿ4 ಮಾತ್ರ ಎಂದು ಬರೆದು ಮುಗಿಸಿ.

ವಿಪಿಎಸ್ ತಲೆನೋವು ಬೇಡ ಎನ್ನುವವರು ಹೊರಹೋಗುವ ಮೇಲ್‌ಗಳನ್ನು ಮಾತ್ರ ನಿಮ್ಮ ಪರವಾಗಿ ತಲುಪಿಸುವ ರಿಲೇ ಸೇವೆಗೆ ಒಪ್ಪಿಸಬಹುದು, ಮೇಲ್‌ಕೌನಲ್ಲಿ ಡೊಮೇನ್‌ವಾರು ರಿಲೇ ಹೋಸ್ಟ್ ಹಾಕುವ ಜಾಗ ಇದೆ. ಅಮೆಜಾನ್ ಎಸ್‌ಇಎಸ್ 1000 ಮೇಲ್‌ಗೆ 10 ಅಮೆರಿಕನ್ ಸೆಂಟ್ ಕೇಳುತ್ತದೆ. ಆದರೆ ಶುರುವಿನ ಸ್ಯಾಂಡ್‌ಬಾಕ್ಸ್‌ನಲ್ಲಿ ಮೊದಲೇ ದೃಢೀಕರಿಸಿದ ವಿಳಾಸಗಳಿಗೆ ಮಾತ್ರ, ದಿನಕ್ಕೆ 200ರ ಮಿತಿ. ಒಳಬರುವ 25 ಮುಚ್ಚಿದ್ದರೆ ಈ ದಾರಿ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನೆನಪಿರಲಿ.

ಮೇಲ್ ಹೋಗದಿದ್ದಾಗ ಲಾಗ್ ಏನು ಹೇಳುತ್ತದೆ ಎಂದು ಓದಲು ಬರುವುದೇ ಈ ವಿದ್ಯೆಯ ಮುಕ್ಕಾಲು ಪಾಲು. ಮೇಲ್‌ಕೌ ಲಾಗ್‌ಗಳನ್ನು ವೆಬ್ ಪುಟದಲ್ಲೇ ತೋರಿಸುತ್ತದೆ, ಕ್ಯೂ ಕೂಡ ಕಾಣುತ್ತದೆ. ‘ಡಿಫರ್ಡ್, ಕನೆಕ್ಷನ್ ಟೈಮ್ಡ್ ಔಟ್’ ಎಂದು ಎಲ್ಲ ಕಡೆಗೂ ಬಂದರೆ 25 ಮುಚ್ಚಿದೆ. 450 ಅಥವಾ 451 ಎಂದರೆ ಸಾಮಾನ್ಯವಾಗಿ ಆ ಕಡೆಯವರು ಗ್ರೇಲಿಸ್ಟ್ ಮಾಡಿದ್ದಾರೆ (ಅಪರಿಚಿತ ಸರ್ವರನ್ನು ಸದ್ಯಕ್ಕೆ ತಡೆದಿದ್ದಾರೆ), ಏನೂ ಮುಟ್ಟಬೇಡಿ, ಪೋಸ್ಟ್‌ಫಿಕ್ಸ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಜಿಮೇಲ್‌ನಿಂದ 550-5.7.25 ಎಂದರೆ ಪಿಟಿಆರ್ ಇಲ್ಲ ಅಥವಾ ತಾಳೆಯಿಲ್ಲ, 550-5.7.26 ಎಂದರೆ ಎಸ್‌ಪಿಎಫ್, ಡಿಕಿಮ್ ಎರಡೂ ಕೈಕೊಟ್ಟಿವೆ. 4ರಿಂದ ಶುರುವಾದದ್ದು ‘ಆಮೇಲೆ ಬಾ’, 5ರಿಂದ ಶುರುವಾದದ್ದು ‘ಬರಲೇಬೇಡ’. ಬೌನ್ಸ್ ಆಗದೆ ಸ್ಪ್ಯಾಮ್ ಫೋಲ್ಡರಿಗೆ ಬಿದ್ದರೆ ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ತೆರೆಯಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪಾಸ್ ಎಂದಿದ್ದೂ ಸ್ಪ್ಯಾಮ್ ಆದರೆ ಅದು ಹೊಸ ಐಪಿಗೆ ಇನ್ನೂ ಹೆಸರು ಬಂದಿಲ್ಲ ಎಂದಷ್ಟೇ. ಪರಿಚಯದವರಿಗೆ ಬರೆದು, ಉತ್ತರ ತರಿಸಿಕೊಂಡು, ಮೆಲ್ಲಗೆ ಹೆಸರು ಗಳಿಸಬೇಕು.

ದಿನಬಳಕೆಯಲ್ಲಿ ಮೇಲ್‌ಕೌ ನಿಜಕ್ಕೂ ಸಾಧು. ಸೋಗೋ ಮುಖ ಹಳೆಯ ಕಾಲದ್ದು, ನೋಡಲು ಚೆಂದವಿಲ್ಲ, ಆದರೆ ಆ್ಯಕ್ಟಿವ್‌ಸಿಂಕ್ ಮೂಲಕ ಫೋನಿಗೆ ಮೇಲ್, ಕ್ಯಾಲೆಂಡರ್ ಒಟ್ಟಿಗೆ ಬರುತ್ತವೆ. ತಾತ್ಕಾಲಿಕ ವಿಳಾಸಗಳನ್ನು ಮನೆಮಂದಿ ತಾವೇ ಹುಟ್ಟಿಸಿಕೊಳ್ಳಬಹುದು. ಮೇಲ್ ಅನ್ನು ಜಂಕ್‌ಗೆ ಎಳೆದರೆ ಆರ್‌ಸ್ಪ್ಯಾಮ್‌ಡಿ ಅದರಿಂದಲೇ ಕಲಿಯುತ್ತದೆ. ಕನ್ನಡದಲ್ಲಿ ಬರುವ ಸ್ಪ್ಯಾಮ್‌ಗೆ ಮೊದಮೊದಲು ಎಡವುತ್ತದೆ, ಅದಕ್ಕೆ ಕನ್ನಡದ ಒಳ್ಳೆಯ ಮೇಲ್‌ಗಳನ್ನೂ ಕೆಟ್ಟವನ್ನೂ ನೀವೇ ಉಣಿಸಬೇಕು.

ಕನ್ನಡದ ಮಾತು ಬಂತು. ವಿಷಯದ ಸಾಲಿನಲ್ಲಿ ಕನ್ನಡ ಹಾಕಿದರೆ ಅದು ಬೇಸ್64 (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕ್ರಮ) ಆಗಿ ತುಂಡು ತುಂಡಾಗಿ ಹೋಗುತ್ತದೆ, ಒಂದು ತುಂಡು 75 ಅಕ್ಷರ ಮೀರುವಂತಿಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರ 6 ಯೂನಿಕೋಡ್ ಸಂಕೇತ, 18 ಬೈಟ್, ಬೇಸ್64ರಲ್ಲಿ 24 ಅಕ್ಷರ. ಕೈಯಾರೆ ಸ್ಕ್ರಿಪ್ಟ್ ಬರೆದು ಮೇಲ್ ಕಳಿಸುವವರು ಬೈಟ್ ಎಣಿಸಿ ನಡುವೆ ಕತ್ತರಿಸಿದರೆ ಆ ಕಡೆ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ತಪ್ಪು ಸರ್ವರಿನದಲ್ಲ. ‘ಡಾಟ್ ಭಾರತ’ದ ಕನ್ನಡ ಡೊಮೇನ್ ಕೊಂಡವರು ಇಂಗ್ಲಿಷ್ ಅಕ್ಷರಗಳ ಪ್ಯೂನಿಕೋಡ್ ರೂಪದಲ್ಲಿ ಅದನ್ನು ಬಳಸಬಹುದು. ಆದರೆ ಅಟ್ ಚಿಹ್ನೆಯ ಎಡಗಡೆ ಕನ್ನಡ ಹೆಸರಿನ ಮೇಲ್‌ಬಾಕ್ಸ್ ತೆರೆಯಲು ಮೇಲ್‌ಕೌ ಬಿಡುವುದಿಲ್ಲ. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದಲೇ ಇದಕ್ಕೆ ತಯಾರಿದ್ದರೂ ಇಡೀ ಕಟ್ಟು ತಯಾರಿಲ್ಲ. ಇದು ಮೇಲ್‌ಕೌ ಕಡೆಯ ನಿಜವಾದ ಕೊರತೆ.

ಇನ್ನೊಂದು ಕಿರಿಕಿರಿ: ಮನೆಯ ವೈಫೈನಲ್ಲಿ ಮೇಲ್ ತೆರೆಯದು, ಮೊಬೈಲ್ ಡೇಟಾದಲ್ಲಿ ತೆರೆಯುತ್ತದೆ. ಪಬ್ಲಿಕ್ ಐಪಿಗೆ ಒಳಗಿನಿಂದ ಹೋದದ್ದನ್ನು ತಿರುಗಿಸಿ ಒಳಗೆ ಬಿಡಲು ಕೆಲವು ರೂಟರುಗಳಿಗೆ ಬರುವುದಿಲ್ಲ. ರೂಟರಿನ ಡಿಎನ್‌ಎಸ್‌ನಲ್ಲಿ ಮೇಲ್ ಹೋಸ್ಟ್ ಹೆಸರಿಗೆ ಒಳಗಿನ ಐಪಿ ಬರೆಯಿರಿ. ಹಳೆಯ ಪಾಸ್‌ವರ್ಡ್ ಇಟ್ಟುಕೊಂಡ ಒಂದು ಟ್ಯಾಬ್ಲೆಟ್ ಮನೆ ಮಂದಿಯನ್ನೆಲ್ಲ ಬ್ಯಾನ್ ಮಾಡಿಸದಿರಲು ಒಳಗಿನ ಜಾಲವನ್ನು ಅನುಮತಿ ಪಟ್ಟಿಗೆ ಸೇರಿಸಿ.

ಕರೆಂಟ್ ಹೋದರೆ ಮೇಲ್ ಕಳೆದುಹೋಗುತ್ತದೆ ಎಂಬ ಭಯ ಬೇಡ. ಕಳಿಸುವ ಸರ್ವರ್ ಸಿಗಲಿಲ್ಲವೆಂದು ಕ್ಯೂನಲ್ಲಿಟ್ಟುಕೊಂಡು ಮತ್ತೆ ಮತ್ತೆ ತಟ್ಟುತ್ತದೆ, ಪೋಸ್ಟ್‌ಫಿಕ್ಸ್‌ನ ವಾಡಿಕೆ 5 ದಿನ. ಮಳೆಗಾಲದಲ್ಲಿ ಎರಡು ದಿನ ಕತ್ತಲಾಗುವ ಮಲೆನಾಡಿನ ಮನೆಯಲ್ಲೂ ಇದು ನಡೆಯುತ್ತದೆ. ಬಯಾಸ್‌ನಲ್ಲಿ ಕರೆಂಟ್ ಬಂದೊಡನೆ ತಾನೇ ಆನ್ ಆಗುವ ಆಯ್ಕೆ ಹಾಕಿ, ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಇಡಿ.

ಬ್ಯಾಕಪ್ ಸ್ಕ್ರಿಪ್ಟ್ ಜೊತೆಗೇ ಬರುತ್ತದೆ. ಅದರಲ್ಲಿ ಮೇಲ್ ಪೆಟ್ಟಿಗೆ ಮಾತ್ರ ಆರಿಸುವ ಜಾಣತನ ಬೇಡ, ‘ಆಲ್’ ಕೊಡಿ. ಮೇಲ್‌ಕೌ ಡಿಸ್ಕ್‌ನಲ್ಲಿ ಮೇಲ್‌ಗಳನ್ನು ಗೂಢಲಿಪಿಯಲ್ಲಿಡುತ್ತದೆ, ಕೀಲಿ ‘ಕ್ರಿಪ್ಟ್’ ಎಂಬ ಬೇರೆ ವಾಲ್ಯೂಮ್‌ನಲ್ಲಿರುತ್ತದೆ. ಕೀಲಿಯಿಲ್ಲದ ಬ್ಯಾಕಪ್‌ನಲ್ಲಿ ಎಲ್ಲ ಮೇಲ್ ಇರುತ್ತದೆ, ಒಂದನ್ನೂ ಓದಲಾಗದು. ತಿಂಗಳಿಗೊಮ್ಮೆ ಬೇರೊಂದು ವರ್ಚುವಲ್ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ. ಅಪ್‌ಡೇಟ್‌ಗೂ ಒಂದೇ ಸ್ಕ್ರಿಪ್ಟ್. ಆದರೆ ಮೂಲ ಕಡತಗಳನ್ನು ತಿದ್ದಿಟ್ಟವರಿಗೆ ಆವತ್ತು ಗಿಟ್ ಜಗಳ ಕಾದಿರುತ್ತದೆ. ಸ್ವಂತ ಬದಲಾವಣೆಗಳೆಲ್ಲ ಓವರ್‌ರೈಡ್ ಮತ್ತು ಎಕ್ಸ್‌ಟ್ರಾ ಕಡತಗಳಲ್ಲೇ ಇರಲಿ.

ಅಂಕ ಕೊಡುವುದಾದರೆ ಮೇಲ್‌ಕೌಗೆ ಐದಕ್ಕೆ ನಾಲ್ಕೂವರೆ. ಅರ್ಧ ಹೋದದ್ದು ಮೆಮೊರಿಯ ಹಸಿವಿಗೆ ಮತ್ತು ಎಡಗಡೆಯ ಕನ್ನಡಕ್ಕೆ. ಮನೆ ಲೈನಿನಿಂದ ನೇರ ಕಳಿಸುವ ಸಾಹಸಕ್ಕೆ ಐದಕ್ಕೆ ಒಂದು. ವಿಪಿಎಸ್ ಸುರಂಗದ ಜೊತೆ ನಾಲ್ಕು. ಇಂಥದೇ ಇನ್ನೊಂದು ಕಟ್ಟು ಮೇಲ್-ಇನ್-ಎ-ಬಾಕ್ಸ್ ಇದಕ್ಕಿಂತ ಸರಳ, ಆದರೆ ಉಬುಂಟು 22.04 ಬಿಟ್ಟು ಬೇರೆ ಕಡೆ ಕೂರದು, ಡಿಎನ್‌ಎಸ್ ಕೂಡ ತನ್ನ ಕೈಗೇ ಕೊಡಿ ಎನ್ನುತ್ತದೆ. ಮನೆ ಸಂಪರ್ಕಕ್ಕೆ ತಕ್ಕ ಪೆಟ್ಟಿಗೆ ಅದಲ್ಲ.

ಹಳೆಯ ಮೇಲ್‌ಗಳನ್ನು ತರಲು ಸಿಂಕ್ ಜಾಬ್ ಎಂಬ ಸೌಲಭ್ಯ ಇದೆ. ಜಿಮೇಲ್‌ನಲ್ಲಿ ಎರಡು ಹಂತದ ಲಾಗಿನ್ ಆನ್ ಮಾಡಿ, ಆ್ಯಪ್ ಪಾಸ್‌ವರ್ಡ್ ತೆಗೆದು ಇಲ್ಲಿ ಕೊಡಬೇಕು. ಐಮ್ಯಾಪ್‌ನಲ್ಲಿ ದಿನಕ್ಕೆ 2500 ಎಂಬಿ ದಾಟಿದರೆ ಗೂಗಲ್ ತಡೆಯುತ್ತದೆ, ಹಾಗಾಗಿ 15 ಜಿಬಿ ಬರಲು ವಾರ ಹಿಡಿಯುತ್ತದೆ. ಸಣ್ಣಪುಟ್ಟ ಖಾತೆಗಳ ವಿಳಾಸ ಮೊದಲು ಬದಲಾಯಿಸಿ, ಬ್ಯಾಂಕು, ಆಧಾರ್, ತೆರಿಗೆ ಇವನ್ನೆಲ್ಲ ಆರು ತಿಂಗಳು ಮುಟ್ಟಬೇಡಿ. ಡೊಮೇನ್ ಕೊಂಡ ಖಾತೆ ಮತ್ತು ವಿಪಿಎಸ್ ಖಾತೆಯ ಇಮೇಲ್ ಮಾತ್ರ ಯಾವತ್ತೂ ಹಳೆಯ ಜಿಮೇಲಲ್ಲೇ ಇರಲಿ. ಡೊಮೇನ್ ನವೀಕರಣದ ಎಚ್ಚರಿಕೆ ಅದೇ ಡೊಮೇನಿನ ವಿಳಾಸಕ್ಕೆ ಬಂದರೆ, ಅವಧಿ ಮುಗಿದ ದಿನ ಪಾಸ್‌ವರ್ಡ್ ರೀಸೆಟ್ ಮಾಡುವ ಕೊಂಡಿಯೂ ಅಲ್ಲಿಗೇ ಹೋಗುತ್ತದೆ, ತಲುಪುವುದಿಲ್ಲ.